ವೈರ್‌ಲೆಸ್ ಪೇಟೆಂಟ್ ಅರ್ಜಿಗೆ ಡಬಲ್ ಪೇಟೆಂಟಿಂಗ್ ಆಕ್ಷೇಪ: ಕಾಲೇಜಿನ ಜೊತೆ ಜಂಟಿ ಒಡೆತನವಿದ್ದಾಗ ಏನು ಮಾಡಬೇಕು?

ಪ್ರಶ್ನೆ: ಹೆಬ್ಬಾಳದ ಎಂಜಿನಿಯರ್, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಹೊಲದ ಪಂಪ್‌ಸೆಟ್ಟನ್ನು ಮನೆಯಲ್ಲಿ ಕುಳಿತೇ ಚಾಲೂ ಮಾಡುವ, ನಿಲ್ಲಿಸುವ ಸಾಧನಗಳನ್ನು ತಯಾರಿಸುತ್ತೇವೆ. ಅವು ಎನ್‌ಬಿ-ಐಒಟಿ ಎಂಬ, ಸಣ್ಣ ಸಾಧನಗಳು ಅಲ್ಪ ಮಾಹಿತಿ ಕಳುಹಿಸಲೆಂದೇ ಇರುವ ಮೊಬೈಲ್ ಜಾಲದಲ್ಲಿ ಕೆಲಸ ಮಾಡುತ್ತವೆ. ಸಿಗ್ನಲ್ ದುರ್ಬಲವಾಗಿರುವ ಕಡೆ ಈ ಜಾಲದ ಬೇಸ್ ಸ್ಟೇಷನ್ (ಟವರ್) ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತದೆ ಎಂಬುದು ಈ ಕ್ಷೇತ್ರದವರಿಗೆ ತಿಳಿದ ವಿಷಯ. ಎಷ್ಟನೆಯ ಪುನರಾವರ್ತನೆಯಲ್ಲಿ ಸಂದೇಶ ತನಗೆ ಅರ್ಥವಾಯಿತು ಎಂಬುದನ್ನು ನೋಡಿಕೊಂಡು, ಅದಕ್ಕೆ ತಕ್ಕ ಅಪ್‌ಲಿಂಕ್ ರಿಸೋರ್ಸನ್ನು (ಸಾಧನದಿಂದ ಬೇಸ್ ಸ್ಟೇಷನ್‌ಗೆ ಕಳುಹಿಸಲು ಸಿಗುವ ಸಮಯ, ಆವರ್ತನದ ಜಾಗ) ಆರಿಸಿ ಅದರಲ್ಲಿ ಸಾಧನವು ಆ್ಯಕ್ (ಸಂದೇಶ ತಲುಪಿತು ಎಂಬ ಉತ್ತರ) ಕಳುಹಿಸುವುದೇ ನಮ್ಮ ಆವಿಷ್ಕಾರ.

2020ರಲ್ಲಿ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿ, ಅದರ ಆದ್ಯತೆಯ ಮೇಲೆ (ಮೊದಲ ಅರ್ಜಿಯ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯುವಂತೆ) 2021ರಲ್ಲಿ ಅಮೆರಿಕದಲ್ಲಿ ಅರ್ಜಿ ಸಲ್ಲಿಸಿದೆವು. ಸಾಧನದ ಕಡೆಯ ಕ್ಲೇಮ್‌ಗಳಿಗೆ (ರಕ್ಷಣೆ ಕೋರುವ ಅಂಶಗಳಿಗೆ) ಅಲ್ಲಿ 2024ರಲ್ಲಿ ಪೇಟೆಂಟ್ ಸಿಕ್ಕಿತು. ಅದು ಮಂಜೂರಾಗುವ ಮುನ್ನವೇ ಬೇಸ್ ಸ್ಟೇಷನ್ ಕಡೆಯ ಕ್ಲೇಮ್‌ಗಳಿಗಾಗಿ ಒಂದು ಕಂಟಿನ್ಯುಯೇಶನ್ (ಅದೇ ವಿವರಣೆಯ ಮೇಲಿನ ಮುಂದುವರಿದ ಅರ್ಜಿ) ಹಾಕಿದ್ದೆವು. ಇದಲ್ಲದೆ 2023ರ ಜನವರಿಯಲ್ಲಿ, ನಮ್ಮೊಂದಿಗೆ ಕೆಲಸ ಮಾಡಿದ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರನ್ನು ಸಹ ಆವಿಷ್ಕಾರಕರನ್ನಾಗಿ ಸೇರಿಸಿಕೊಂಡು, ಇದೇ ವಿಷಯದ ಸುಧಾರಿತ ರೂಪಕ್ಕೆ ಅಮೆರಿಕದಲ್ಲಿ ಇನ್ನೊಂದು ಅರ್ಜಿ ಸಲ್ಲಿಸಿದ್ದೇವೆ. ಅದರ ಒಡೆತನ ನಮ್ಮ ಸಂಸ್ಥೆಗೂ ಕಾಲೇಜಿಗೂ ಜಂಟಿಯಾಗಿದೆ.

ಕಂಟಿನ್ಯುಯೇಶನ್‌ಗೆ ಈಗ ಆಫೀಸ್ ಆಕ್ಷನ್ (ಪರೀಕ್ಷಕರ ಆಕ್ಷೇಪ ಪತ್ರ) ಬಂದಿದೆ. ಹಳೆಯ ದಾಖಲೆಗಳನ್ನು ತೋರಿಸಿ ಹೊಸತನವನ್ನಾಗಲಿ ಆವಿಷ್ಕಾರದ ಹೆಜ್ಜೆಯನ್ನಾಗಲಿ ಪ್ರಶ್ನಿಸಿಲ್ಲ. ಇರುವುದು ಎರಡೇ ಆಕ್ಷೇಪ. ಮೊದಲನೆಯದು, ಮಂಜೂರಾದ ನಮ್ಮ ಪೇಟೆಂಟಿನ ಕ್ಲೇಮ್‌ಗಳಿಗೂ ಈಗಿನ ಕ್ಲೇಮ್‌ಗಳಿಗೂ ಪದಶಃ ಹೋಲಿಕೆ ಇಲ್ಲದಿದ್ದರೂ ಪೇಟೆಂಟ್ ಕೊಡುವಷ್ಟು ವ್ಯತ್ಯಾಸವಿಲ್ಲ ಎಂಬ ಡಬಲ್ ಪೇಟೆಂಟಿಂಗ್ ಆಕ್ಷೇಪ. ಎರಡನೆಯದು, ಜಂಟಿ ಅರ್ಜಿಯನ್ನು ಆಧರಿಸಿದ ಅದೇ ಬಗೆಯ ಆಕ್ಷೇಪ, ಆ ಅರ್ಜಿ ಇನ್ನೂ ಮಂಜೂರಾಗದ ಕಾರಣ ಇದು ತಾತ್ಕಾಲಿಕ. ಅಮೆರಿಕದ ನಮ್ಮ ವಕೀಲರು ಒಂದೇ ಸಾಲಿನ ಮಿಂಚಂಚೆಯಲ್ಲಿ, ಎರಡಕ್ಕೂ ಟರ್ಮಿನಲ್ ಡಿಸ್‌ಕ್ಲೇಮರ್ ಸಲ್ಲಿಸೋಣ, ಆನ್‌ಲೈನ್‌ನಲ್ಲಿ ತಕ್ಷಣ ಅಂಗೀಕಾರವಾಗುತ್ತದೆ ಎಂದು ಬರೆದಿದ್ದಾರೆ. ಕಾಲೇಜಿಗೂ ಪಾಲಿರುವ ಅರ್ಜಿಗೆ ಇದನ್ನು ಮಾಡಬಹುದೇ? ಮಾಡಿದರೆ ನಾವು ಕಳೆದುಕೊಳ್ಳುವುದೇನು?

ಉತ್ತರ 1: ಪೇಟೆಂಟ್ ಏಜೆಂಟ್, ಸರಸ್ವತೀಪುರಂ

ನಿಮ್ಮ ವಕೀಲರ ಸಲಹೆಯ ಅರ್ಧ ಭಾಗ ಮಾತ್ರ ಸಾಧ್ಯ. ಟರ್ಮಿನಲ್ ಡಿಸ್‌ಕ್ಲೇಮರ್ ಎಂದರೆ ಎರಡು ಮಾತು ಕೊಟ್ಟಂತೆ: ಈ ಪೇಟೆಂಟಿನ ಅವಧಿ ಆ ಪೇಟೆಂಟಿನ ಅವಧಿಯನ್ನು ಮೀರುವುದಿಲ್ಲ ಎಂಬುದು ಒಂದು, ಎರಡೂ ಒಬ್ಬನೇ ಮಾಲೀಕನ ಕೈಯಲ್ಲಿರುವವರೆಗೆ ಮಾತ್ರ ಇದನ್ನು ಜಾರಿಗೊಳಿಸಬಹುದು ಎಂಬುದು ಇನ್ನೊಂದು. ಕಂಟಿನ್ಯುಯೇಶನ್ ಪೂರ್ತಿಯಾಗಿ ನಿಮ್ಮದು, 2023ರ ಅರ್ಜಿಯಲ್ಲಿ ಕಾಲೇಜಿಗೂ ಪಾಲಿದೆ. ಆದ್ದರಿಂದ ಒಡೆತನ ಒಂದೇ ಎಂದು ನೀವು ಬರೆದುಕೊಡುವಂತೆಯೇ ಇಲ್ಲ. ಹಾಗಾದರೆ ಪರೀಕ್ಷಕರು ಆಕ್ಷೇಪ ಎತ್ತಿದ್ದಾದರೂ ಹೇಗೆ ಎಂದು ನೀವು ಕೇಳಬಹುದು. ಒಬ್ಬ ಆವಿಷ್ಕಾರಕರು ಎರಡೂ ಅರ್ಜಿಗಳಲ್ಲಿದ್ದರೆ ಸಾಕು, ಆಕ್ಷೇಪ ಎತ್ತಬಹುದು. 2013ರ ಹಬೆಲ್ ಪ್ರಕರಣದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕಿಟ್ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅಲ್ಲಿ ಒಡೆಯರು ಬೇರೆಬೇರೆಯಾಗಿದ್ದರು, ಆವಿಷ್ಕಾರಕರಲ್ಲಿ ಕೆಲವರು ಮಾತ್ರ ಎರಡು ಕಡೆಯೂ ಇದ್ದರು. ಆದರೂ ಆಕ್ಷೇಪ ಉಳಿಯಿತು, ಡಿಸ್‌ಕ್ಲೇಮರ್ ಸಲ್ಲಿಸಲು ಅರ್ಜಿದಾರರಿಗೆ ಅವಕಾಶ ಸಿಗಲಿಲ್ಲ. ಅವಧಿಯನ್ನು ಲಂಬಿಸಬಾರದು ಎಂಬುದರ ಜೊತೆಗೆ, ಒಂದೇ ಆವಿಷ್ಕಾರಕ್ಕಾಗಿ ಇಬ್ಬರು ಒಡೆಯರು ಒಬ್ಬನ ಮೇಲೆಯೇ ಮೊಕದ್ದಮೆ ಹೂಡಬಾರದು ಎಂಬುದೂ ಈ ಸಿದ್ಧಾಂತದ ಉದ್ದೇಶ. ನಿಮ್ಮ ಪ್ರಕರಣದಲ್ಲಿ ಅಡ್ಡ ಬಂದಿರುವುದು ಈ ಎರಡನೆಯದು.

ಆದರೆ ಗಾಬರಿಯಾಗಬೇಕಾಗಿಲ್ಲ. ಪರೀಕ್ಷಕರ ಕೈಪಿಡಿಯಾದ ಎಂಪಿಇಪಿಯ 804ನೇ ವಿಭಾಗವನ್ನು ತೆರೆದು ನೋಡಿ. ಪೇಟೆಂಟ್ ಅವಧಿಯನ್ನು ಎಣಿಸುವ ಸಲ್ಲಿಕೆ ದಿನಾಂಕ ಎರಡು ಬಾಕಿ ಅರ್ಜಿಗಳಲ್ಲಿ ಯಾವುದರದ್ದು ಮೊದಲೋ, ಆ ಅರ್ಜಿಯಲ್ಲಿ ತಾತ್ಕಾಲಿಕ ಆಕ್ಷೇಪವೊಂದೇ ಉಳಿದಾಗ ಪರೀಕ್ಷಕರು ಅದನ್ನು ಹಿಂಪಡೆದು ಪೇಟೆಂಟ್ ಮಂಜೂರು ಮಾಡಬೇಕು ಎಂದು ಅಲ್ಲಿ ಹೇಳಿದೆ. ಕಂಟಿನ್ಯುಯೇಶನ್ನಿನ ಅವಧಿ ಎಣಿಕೆಯಾಗುವುದು ಅದನ್ನು ಹಾಕಿದ ದಿನದಿಂದಲ್ಲ, 2021ರ ಮೂಲ ಅರ್ಜಿಯ ದಿನದಿಂದ. ಜಂಟಿ ಅರ್ಜಿಯದು 2023. ಆದ್ದರಿಂದ ಮೊದಲನೆಯ ಆಕ್ಷೇಪವನ್ನು ಹೇಗಾದರೂ ನಿವಾರಿಸಿಕೊಂಡರೆ ಎರಡನೆಯದು ಇಲ್ಲಿ ತಾನಾಗಿ ಬಿದ್ದುಹೋಗಬೇಕು. ಉತ್ತರದಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಸಿ, ಏಕೆಂದರೆ ಎಲ್ಲ ಪರೀಕ್ಷಕರೂ ತಾವಾಗಿ ದಿನಾಂಕ ಹೋಲಿಸಿ ನೋಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಕ್ಲೇಮ್‌ಗಳು ಅಂತಿಮವಾಗುವವರೆಗೆ ಈ ಆಕ್ಷೇಪವನ್ನು ಬದಿಗಿಡಿ ಎಂದಷ್ಟೇ ಬರೆಯುವ ಹಳೆಯ ರೂಢಿ ಈಗ ನಡೆಯುವುದಿಲ್ಲ, ಅದನ್ನು ಪೂರ್ಣ ಉತ್ತರವೆಂದು ಪರಿಗಣಿಸುವುದಿಲ್ಲ.

ತಾಪತ್ರಯ ಶುರುವಾಗುವುದು ಆಮೇಲೆ, ಜಂಟಿ ಅರ್ಜಿಯಲ್ಲಿ. ಕಂಟಿನ್ಯುಯೇಶನ್ ಮಂಜೂರಾದ ದಿನದಿಂದ ಅಲ್ಲಿನ ಆಕ್ಷೇಪ ತಾತ್ಕಾಲಿಕವಾಗಿ ಉಳಿಯುವುದಿಲ್ಲ, ಡಿಸ್‌ಕ್ಲೇಮರ್ ದಾರಿಯೂ ಮುಚ್ಚಿರುತ್ತದೆ. ಕಾಲೇಜಿನ ಜೊತೆ ಲಿಖಿತ ಜಂಟಿ ಸಂಶೋಧನಾ ಒಪ್ಪಂದವಿತ್ತೇ, ಇದ್ದರೆ ಅದು ಆ ಅರ್ಜಿಯ ಪರಿಣಾಮಕಾರಿ ಸಲ್ಲಿಕೆ ದಿನಾಂಕದ ಹೊತ್ತಿಗೇ ಜಾರಿಯಲ್ಲಿತ್ತೇ ಎಂಬುದನ್ನು ಮೊದಲು ನೋಡಿ. ಇದ್ದರೆ, ಎರಡನ್ನೂ ಬೇರೆಬೇರೆಯಾಗಿ ಜಾರಿಗೊಳಿಸುವುದಿಲ್ಲ ಎಂಬ ಷರತ್ತಿನೊಂದಿಗೆ ಡಿಸ್‌ಕ್ಲೇಮರ್ ಸಲ್ಲಿಸಲು ಅಮೆರಿಕದ ಪೇಟೆಂಟ್ ನಿಯಮ 1.321ರಲ್ಲಿ ಅವಕಾಶವಿದೆ. ಮಾತು ಬಂತೆಂದು ಹೇಳುತ್ತೇನೆ, ನಿಮ್ಮ ಮೂಲ ಅರ್ಜಿ ಪ್ರಕಟವಾದ ದಿನಾಂಕವನ್ನೂ ನೋಡಿಕೊಳ್ಳಿ. ಅದು 2023ರ ಜನವರಿಗಿಂತ ಒಂದು ವರ್ಷಕ್ಕೂ ಹಿಂದಿನದಾಗಿದ್ದರೆ, ಡಬಲ್ ಪೇಟೆಂಟಿಂಗ್ ಇರಲಿ, ನಿಮ್ಮದೇ ಪ್ರಕಟಣೆ ಜಂಟಿ ಅರ್ಜಿಯ ವಿರುದ್ಧ ಪೂರ್ವಕಲೆಯಾಗಿ (ಹೊಸತನವನ್ನು ಅಲ್ಲಗಳೆಯುವ ಹಳೆಯ ದಾಖಲೆಯಾಗಿ) ನಿಲ್ಲುತ್ತದೆ.

ಉತ್ತರ 2: ಮಂಡ್ಯದ ಮೇಷ್ಟ್ರು

ನಾನು ವಕೀಲನಲ್ಲ. ಮಂಡ್ಯದಲ್ಲಿ ವೈರ್‌ಲೆಸ್ ಪಾಠ ಹೇಳುವವನು, ಅದಕ್ಕೂ ಮುಂಚೆ ಕೆಲವು ವರ್ಷ ಬೇಸ್ ಸ್ಟೇಷನ್ ಸಾಫ್ಟ್‌ವೇರ್ ಬರೆದವನು. ಏಜೆಂಟ್ ಮೇಡಂ ಕಾನೂನು ಹೇಳಿದ್ದಾರೆ, ನಾನು ಮೊದಲನೆಯ ಆಕ್ಷೇಪದ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಕ್ಷೇತ್ರದ ಕ್ಲೇಮ್‌ಗಳು ಹೆಚ್ಚಾಗಿ ಕನ್ನಡಿಯಂತಿರುತ್ತವೆ. ಸಾಧನ ಸ್ವೀಕರಿಸುತ್ತದೆ ಎಂದಿದ್ದಲ್ಲಿ ಬೇಸ್ ಸ್ಟೇಷನ್ ಕಳುಹಿಸುತ್ತದೆ ಎಂದು ತಿದ್ದಿ, ಸಾಧನ ಕಳುಹಿಸುತ್ತದೆ ಎಂದಿದ್ದಲ್ಲಿ ಬೇಸ್ ಸ್ಟೇಷನ್ ಸ್ವೀಕರಿಸುತ್ತದೆ ಎಂದು ತಿದ್ದಿದರೆ ಹೊಸ ಕ್ಲೇಮ್ ಸಿದ್ಧ. ಹಾಗೆ ಬರೆದದ್ದಾಗಿದ್ದರೆ ವಾದ ಮಾಡಿ ಪ್ರಯೋಜನವಿಲ್ಲ. ಮಾತನಾಡುವವನಿದ್ದರೆ ಕೇಳುವವನೂ ಇರಲೇಬೇಕಲ್ಲ ಎಂದು ಪರೀಕ್ಷಕರು ಹೇಳಿದರೆ ಅದಕ್ಕೆ ಉತ್ತರ ಕೊಡುವುದು ಕಷ್ಟ. ಆದರೆ ನಿಮ್ಮ ಆವಿಷ್ಕಾರದಲ್ಲಿ ಬೇಸ್ ಸ್ಟೇಷನ್‌ಗೆ ಮಾತ್ರ ಸಾಧ್ಯವಾಗುವ ಒಂದು ಕೆಲಸ ಇರಬೇಕು ಎಂದು ನನಗನ್ನಿಸುತ್ತದೆ.

ಎನ್‌ಬಿ-ಐಒಟಿ 2016ರಲ್ಲಿ, ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿಯ ರಿಲೀಸ್ 13ರೊಂದಿಗೆ ಬಂದದ್ದು. ಡೌನ್‌ಲಿಂಕ್‌ನಲ್ಲಿ (ಬೇಸ್ ಸ್ಟೇಷನ್‌ನಿಂದ ಸಾಧನಕ್ಕೆ) ಒಂದು ಸಂದೇಶವನ್ನು 2048 ಬಾರಿಯವರೆಗೆ, ಅಪ್‌ಲಿಂಕ್‌ನಲ್ಲಿ 128 ಬಾರಿಯವರೆಗೆ ಪುನರಾವರ್ತಿಸಲು ಅವಕಾಶವಿದೆ. ಸಿಗ್ನಲ್ ಸ್ವಲ್ಪ ಸುಧಾರಿಸಿದ್ದರೆ ಸಾಧನಕ್ಕೆ ಅರ್ಧದಾರಿಯಲ್ಲೇ ಸಂದೇಶ ಅರ್ಥವಾಗಿರುತ್ತದೆ, ಅದು ಬೇಸ್ ಸ್ಟೇಷನ್‌ಗೆ ಗೊತ್ತಾಗುವುದಿಲ್ಲ, ಉಳಿದ ಪುನರಾವರ್ತನೆಗಳು ದಂಡ. ನಿಮ್ಮ ವಿಧಾನದಲ್ಲಿ ಆ್ಯಕ್ ಯಾವ ರಿಸೋರ್ಸಿನಲ್ಲಿ ಬಂತು ಎಂಬುದರಿಂದಲೇ ಎಷ್ಟನೆಯ ಸಲಕ್ಕೆ ಅರ್ಥವಾಯಿತು ಎಂದು ಬೇಸ್ ಸ್ಟೇಷನ್ ಊಹಿಸಬಹುದು, ಮುಂದಿನ ಸಂದೇಶಕ್ಕೆ ಪುನರಾವರ್ತನೆ ಕಡಿಮೆ ಮಾಡಬಹುದು. ಇದು ಸಾಧನದ ಯಾವ ಕ್ರಿಯೆಯ ಪ್ರತಿಬಿಂಬವೂ ಅಲ್ಲ. ಇಂಥ ಕ್ಲೇಮ್ ನಿಮ್ಮ ಕಂಟಿನ್ಯುಯೇಶನ್ನಿನಲ್ಲಿ ಇದೆಯೇ?

ಮರುಪ್ರಶ್ನೆ: ಹೆಬ್ಬಾಳದ ಎಂಜಿನಿಯರ್

ಇದೆ ಮೇಷ್ಟ್ರೇ, ಆದರೆ ಸ್ವತಂತ್ರ ಕ್ಲೇಮಿನಲ್ಲಲ್ಲ, ಅದನ್ನು ಅವಲಂಬಿಸಿದ 4ನೇ ಕ್ಲೇಮಿನಲ್ಲಿ. ಅದನ್ನೂ ಸೇರಿಸಿಯೇ ಆಕ್ಷೇಪಿಸಿದ್ದಾರೆ. ನಮ್ಮ ಮೂಲ ಪೇಟೆಂಟಿನ ವಿವರಣಾಪತ್ರದ ಒಂದು ಚಿತ್ರದಲ್ಲಿ ಈ ಹೆಜ್ಜೆ ತೋರಿಸಲಾಗಿದೆ ಎಂಬುದು ಅವರು ಕೊಟ್ಟಿರುವ ಕಾರಣ. ಬೇರೆ ಯಾವ ದಾಖಲೆಯನ್ನೂ ಉಲ್ಲೇಖಿಸಿಲ್ಲ.

ಉತ್ತರ 3: ಲೈಸೆನ್ಸಿಂಗ್ ವಿಭಾಗದವನು, ಕುವೆಂಪುನಗರ

ಎಲ್ಲರ ಮಾತನ್ನೂ ಓದಿದೆ. ಸಣ್ಣ ಸಂಸ್ಥೆಗೆ ವಾದವೆಂದರೆ ಡಾಲರಿನಲ್ಲಿ ಬಿಲ್ಲು, ಇದನ್ನು ಮರೆಯಬೇಡಿ. ಮೂಲ ಪೇಟೆಂಟಿಗೆ ಮಾತ್ರ ಡಿಸ್‌ಕ್ಲೇಮರ್ ಕೊಟ್ಟು ಮುಗಿಸುವುದು ನನಗೆ ಸರಿಯೆನಿಸುತ್ತದೆ. ಅವಧಿಯ ದೃಷ್ಟಿಯಿಂದ ನಷ್ಟ ಅತ್ಯಲ್ಪ. ಎರಡಕ್ಕೂ 20 ವರ್ಷದ ಎಣಿಕೆ 2021ರಿಂದಲೇ ಶುರುವಾಗುತ್ತದೆ. ಕಬ್ಬು ಬೆಳೆಯುವವರಿಗೆ ಹೇಳುವುದಾದರೆ ಕಂಟಿನ್ಯುಯೇಶನ್ ಎಂಬುದು ಕೂಳೆ ಬೆಳೆ, ಅದಕ್ಕೆ ಬೇರೆ ಬುಡವಿಲ್ಲ. ಕಚೇರಿಯ ವಿಳಂಬಕ್ಕಾಗಿ ಕಂಟಿನ್ಯುಯೇಶನ್‌ಗೆ ಹೆಚ್ಚುವರಿ ದಿನಗಳು ಸಿಕ್ಕಿ, ಅವು ಮೂಲ ಪೇಟೆಂಟಿನ ದಿನಗಳನ್ನು ಮೀರಿದರೆ ಆ ವ್ಯತ್ಯಾಸವಷ್ಟೇ ಹೋಗುತ್ತದೆ. ಡಿಸ್‌ಕ್ಲೇಮರ್ ಕೊಟ್ಟದ್ದು ತಪ್ಪೊಪ್ಪಿಗೆಯೂ ಅಲ್ಲ, 1991ರ ಕ್ವಾಡ್ ಎನ್ವಿರಾನ್‌ಮೆಂಟಲ್ ತೀರ್ಪಿನಲ್ಲಿ ಫೆಡರಲ್ ಸರ್ಕಿಟ್ ಇದನ್ನು ಹೇಳಿದೆ. 2023ರ ಸೆಲೆಕ್ಟ್ ತೀರ್ಪಿನಲ್ಲಿ ಏನಾಯಿತೆಂದು ನೋಡಿ. ಡಿಸ್‌ಕ್ಲೇಮರ್ ಇಲ್ಲದೆ ಹೆಚ್ಚುವರಿ ದಿನಗಳನ್ನು ಪಡೆದಿದ್ದ ಪೇಟೆಂಟ್‌ಗಳು ಅವಧಿ ಮುಗಿದ ಮೇಲೆ ಡಬಲ್ ಪೇಟೆಂಟಿಂಗ್ ಕಾರಣಕ್ಕೆ ಅಸಿಂಧುವಾದವು, ಆ ಹೊತ್ತಿಗೆ ಡಿಸ್‌ಕ್ಲೇಮರ್ ಸಲ್ಲಿಸುವ ಕಾಲ ಮೀರಿತ್ತು.

ಉತ್ತರ 4: ಪೇಟೆಂಟ್ ಏಜೆಂಟ್, ಸರಸ್ವತೀಪುರಂ

ಲೈಸೆನ್ಸಿಂಗ್ ಮಿತ್ರರು ಅವಧಿಯ ಬಗ್ಗೆ ಹೇಳಿದ್ದು ಸರಿ. ಕ್ವಾಡ್ ತೀರ್ಪಿನ ಜೊತೆಗೆ 2018ರ ಸಿಂಪಲ್ಏರ್ ತೀರ್ಪನ್ನೂ ಓದಬೇಕು. ಎರಡು ಪೇಟೆಂಟ್‌ಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಪರೀಕ್ಷಕರು, ಅದನ್ನು ಒಪ್ಪಿಕೊಂಡದ್ದರಿಂದ ಅರ್ಜಿದಾರರೂ, ಭಾವಿಸಿದ್ದಕ್ಕೆ ಡಿಸ್‌ಕ್ಲೇಮರ್ ಒಂದು ಬಲವಾದ ಸುಳಿವು ಎಂಬರ್ಥದ ಮಾತು ಅದರಲ್ಲಿದೆ. ಸೆಲೆಕ್ಟ್ ತೀರ್ಪಿನ ಭಯ ಮೂಲ ಪೇಟೆಂಟಿಗೆ ಬೇಡ. ಮೊದಲು ಸಲ್ಲಿಸಿ ಮೊದಲು ಮಂಜೂರಾದ ಪೇಟೆಂಟಿನ ಕ್ಲೇಮನ್ನು, ಅದೇ ಆದ್ಯತಾ ದಿನಾಂಕದ ನಂತರದ ಪೇಟೆಂಟಿನಿಂದ ಬೀಳಿಸುವಂತಿಲ್ಲ ಎಂದು 2024ರ ಅಲರ್ಗನ್ ತೀರ್ಪು ಹೇಳಿದೆ.

ನನ್ನ ತಕರಾರು ಒಡೆತನದ ಬಗ್ಗೆ. ಡಿಸ್‌ಕ್ಲೇಮರ್ ಕೊಟ್ಟ ಮೇಲೆ ಎರಡೂ ಪೇಟೆಂಟ್‌ಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ವೈರ್‌ಲೆಸ್‌ನಲ್ಲಿ ಸಾಧನ ತಯಾರಿಸುವವರು ಒಬ್ಬರು, ಬೇಸ್ ಸ್ಟೇಷನ್ ಮಾರುವವರು ಇನ್ನೊಬ್ಬರು, ಆದ್ದರಿಂದ ಎರಡು ಕಡೆಯ ಪೇಟೆಂಟ್‌ಗಳನ್ನು ಬೇರೆಬೇರೆಯವರಿಗೆ ಮಾರುವ ಸಂದರ್ಭ ಬೇರೆ ಕ್ಷೇತ್ರಗಳಿಗಿಂತ ಇಲ್ಲಿ ಹೆಚ್ಚು. ಬೇಸ್ ಸ್ಟೇಷನ್ ಪೇಟೆಂಟನ್ನು ಮಾರಿ ಸಾಧನದ ಪೇಟೆಂಟನ್ನು ನೀವೇ ಇಟ್ಟುಕೊಂಡರೆ, ಕೊಂಡವನ ಕೈಯಲ್ಲಿರುವುದು ಜಾರಿಗೊಳಿಸಲಾಗದ ಕಾಗದ. ಪೇಟೆಂಟ್ ಮಂಜೂರಾಗುವ ಮುನ್ನ ಡಿಸ್‌ಕ್ಲೇಮರನ್ನು ಹಿಂಪಡೆಯಲು ಕೋರಬಹುದು, ಮಂಜೂರಾದ ಮೇಲೆ ಸಾಧ್ಯವಿಲ್ಲ.

ಇನ್ನು 4ನೇ ಕ್ಲೇಮ್. ಪರೀಕ್ಷಕರು ಅಲ್ಲಿ ಎಡವಿದ್ದಾರೆ. ಈ ಆಕ್ಷೇಪದಲ್ಲಿ ಹೋಲಿಸಬೇಕಾದ್ದು ಕ್ಲೇಮಿಗೆ ಕ್ಲೇಮನ್ನು. ಮೂಲ ಪೇಟೆಂಟಿನ ವಿವರಣಾಪತ್ರವನ್ನು ಕ್ಲೇಮಿನ ಪದಗಳ ಅರ್ಥ ತಿಳಿಯಲು ನಿಘಂಟಿನಂತೆ ನೋಡಬಹುದೇ ಹೊರತು ಪೂರ್ವಕಲೆಯಂತೆ ಬಳಸುವಂತಿಲ್ಲ. ಚಿತ್ರದಲ್ಲಿದೆ ಎಂಬುದು ಕಾರಣವಾಗದು. ಮೂಲ ಕ್ಲೇಮಿನಲ್ಲಿ ಇಲ್ಲದ ಹೆಜ್ಜೆಯನ್ನು ತುಂಬಲು ಅವರು ಬೇರೊಂದು ದಾಖಲೆಯನ್ನು ಜೋಡಿಸಿ ತೋರಿಸಬಹುದಾಗಿತ್ತು, ತೋರಿಸಿಲ್ಲ. ಮೂಲ ಅರ್ಜಿಯಲ್ಲಿ ರಿಸ್ಟ್ರಿಕ್ಷನ್ (ಒಂದು ಆವಿಷ್ಕಾರವನ್ನಷ್ಟೇ ಆರಿಸಿ, ಉಳಿದದ್ದನ್ನು ಬೇರೆ ಅರ್ಜಿಗೆ ಬಿಡಿ ಎಂಬ ಪರೀಕ್ಷಕರ ಆದೇಶ) ಬಂದಿದ್ದರೆ ಈ ಆಕ್ಷೇಪದಿಂದ ಅಮೆರಿಕದ ಕಾಯ್ದೆಯ ಕಲಂ 121 ಕೊಡುವ ರಕ್ಷಣೆಯ ಮಾತನ್ನೂ ಆಡಬಹುದಿತ್ತು, ಆದರೆ ನೀವು ಅದನ್ನು ಹೇಳದ ಕಾರಣ ಬಂದಿಲ್ಲವೆಂದುಕೊಂಡಿದ್ದೇನೆ.

ಚೆನ್ನೈನಲ್ಲೂ ವಿಭಜಿತ ಅರ್ಜಿ (ಮೂಲ ಅರ್ಜಿಯಿಂದ ಬೇರ್ಪಡಿಸಿದ ಅರ್ಜಿ) ಹಾಕುವ ಆಲೋಚನೆಯಿದ್ದರೆ ಒಂದು ಮಾತು. ನಮ್ಮ ಕಾಯ್ದೆಯಲ್ಲಿ ಟರ್ಮಿನಲ್ ಡಿಸ್‌ಕ್ಲೇಮರ್ ಎಂಬ ದಾರಿಯೇ ಇಲ್ಲ. ಕಲಂ 16ರಡಿ, ಒಂದು ಅರ್ಜಿಯಲ್ಲಿ ಕೋರಿದ್ದನ್ನು ಇನ್ನೊಂದರಲ್ಲಿ ಕೋರುವಂತಿಲ್ಲ. ವಿಭಜನೆಗೆ ಮೂಲ ಅರ್ಜಿಯಲ್ಲಿರಬೇಕಾದ ಒಂದಕ್ಕಿಂತ ಹೆಚ್ಚು ಆವಿಷ್ಕಾರಗಳು ಕ್ಲೇಮ್‌ಗಳಲ್ಲೇ ಕಾಣಬೇಕಿಲ್ಲ, ವಿವರಣಾಪತ್ರದಲ್ಲಿದ್ದರೂ ಸಾಕು ಎಂದು 2023ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಸಿಂಜೆಂಟಾ ಪ್ರಕರಣದಲ್ಲಿ ಹೇಳಿರುವುದು ನಿಮಗೆ ಅನುಕೂಲ.

ಹೆಬ್ಬಾಳದ ಎಂಜಿನಿಯರ್

ಎಲ್ಲರಿಗೂ ಧನ್ಯವಾದಗಳು. ರಿಸ್ಟ್ರಿಕ್ಷನ್ ಬಂದಿರಲಿಲ್ಲ, ಮೇಡಂ ಊಹಿಸಿದ್ದು ಸರಿ. ಬೇಸ್ ಸ್ಟೇಷನ್ ಪೇಟೆಂಟನ್ನು ಮುಂದೆ ಮಾರಬೇಕಾಗಬಹುದು ಎಂದು ನಮ್ಮ ನಿರ್ದೇಶಕರು ಹೇಳಿದ್ದರಿಂದ, 4ನೇ ಕ್ಲೇಮಿನ ಹೆಜ್ಜೆಯನ್ನು ಸ್ವತಂತ್ರ ಕ್ಲೇಮಿಗೆ ಸೇರಿಸಿ ಮೊದಲು ವಾದವನ್ನೇ ಮಂಡಿಸಲು ತೀರ್ಮಾನಿಸಿದ್ದೇವೆ. ಒಪ್ಪದೆ ಅಂತಿಮ ತಿರಸ್ಕಾರ ಬಂದರೆ, ಆಗ ಮೂಲ ಪೇಟೆಂಟಿಗೆ ಮಾತ್ರ ಡಿಸ್‌ಕ್ಲೇಮರ್ ಸಲ್ಲಿಸುವ ಬಗ್ಗೆ ಮತ್ತೆ ಕುಳಿತು ಯೋಚಿಸುತ್ತೇವೆ. ಉತ್ತರಕ್ಕೆ ಮೂರು ತಿಂಗಳ ಗಡುವಿನಲ್ಲಿ ಇನ್ನೂ ಏಳು ವಾರ ಉಳಿದಿವೆ.

ಕಾಲೇಜಿನ ಒಪ್ಪಂದದ ಕಡತವನ್ನು ಇವತ್ತು ತೆಗೆಸಿ ನೋಡಿದೆ. ಎರಡು ಕಾಗದಗಳಿವೆ. 2022ರ ಆಗಸ್ಟಿನ ತಿಳಿವಳಿಕೆ ಪತ್ರದಲ್ಲಿರುವುದು ವಿದ್ಯಾರ್ಥಿಗಳ ತರಬೇತಿ ಮಾತ್ರ, ಸಂಶೋಧನೆಯ ಮಾತೇ ಇಲ್ಲ. ಸಂಶೋಧನೆಯ ಒಪ್ಪಂದ ಪತ್ರಕ್ಕೆ ಸಹಿ ಬಿದ್ದಿರುವುದು 2023ರ ಮಾರ್ಚಿನಲ್ಲಿ, ಅಂದರೆ ಜಂಟಿ ಅರ್ಜಿ ಸಲ್ಲಿಸಿ ಎರಡು ತಿಂಗಳಾದ ಮೇಲೆ.

ಪೇಟೆಂಟ್ ಏಜೆಂಟ್, ಸರಸ್ವತೀಪುರಂ

ಹಾಗಿದ್ದರೆ ಜಂಟಿ ಸಂಶೋಧನಾ ಒಪ್ಪಂದದ ದಾರಿ ಬಿಟ್ಟುಬಿಡಿ, ಹಿಂದಿನ ತಾರೀಖು ಹಾಕಿ ಹೊಸ ಪತ್ರ ಮಾಡಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಉಳಿದಿರುವುದು ಎರಡೇ ದಾರಿ. ಪ್ರಾಧ್ಯಾಪಕರು ಸೇರಿಸಿದ ಸುಧಾರಣೆಗಷ್ಟೇ ಜಂಟಿ ಅರ್ಜಿಯ ಕ್ಲೇಮ್‌ಗಳನ್ನು ಸೀಮಿತಗೊಳಿಸಿ ನಿಮ್ಮ ಕ್ಲೇಮ್‌ಗಳಿಂದ ದೂರ ಸರಿಸುವುದು, ಇಲ್ಲವೇ ಕಾಲೇಜಿನ ಪಾಲನ್ನು ನ್ಯಾಯವಾದ ಬೆಲೆ ಕೊಟ್ಟು ಬರೆಸಿಕೊಳ್ಳುವುದು. ಆ ಅರ್ಜಿಯ ಪರೀಕ್ಷೆ ಇನ್ನೂ ಶುರುವಾಗಿಲ್ಲವಾದರೆ ಕ್ಲೇಮ್‌ಗಳನ್ನು ಈಗಲೇ ತಿದ್ದಿ ಸಲ್ಲಿಸಬಹುದು. ಪ್ರಾಧ್ಯಾಪಕರನ್ನು ಕೂರಿಸಿಕೊಂಡು, ಅವರ ಕೊಡುಗೆ ಯಾವ ಸಾಲಿನಲ್ಲಿದೆ ಎಂದು ಕ್ಲೇಮ್ ಹಾಳೆಯ ಮೇಲೆಯೇ ಗೆರೆ ಹಾಕಿಸಿಕೊಳ್ಳಿ.