ಯುದ್ಧ ಮುಗಿದ ಮೇಲೆ ವಿಮಾನಗಳೂ ಗುಜರಿಗೇ ಹೋಗ್ತಾವಾ?

ಪ್ರಶ್ನೆ: ನಮಸ್ಕಾರ ಸರ್, ನಂದು ಬೀದರಿನಲ್ಲಿ ಗುಜರಿ ಅಂಗಡಿ. ತಲೆ ಮೇಲೆ ಏರ್‌ಫೋರ್ಸ್ ವಿಮಾನ ಹಾರುತ್ತಿರುತ್ತವೆ, ಕೆಳಗೆ ನಾನು ತಗಡು ತೂಗುತ್ತಿರುತ್ತೇನೆ. ಒಂದು ಅನುಮಾನ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ವಿಮಾನ ಮಾಡಿದ್ದರಲ್ಲ, ಆಮೇಲೆ ಅವೆಲ್ಲ ಏನಾದವು?

ಉತ್ತರ (ನಿವೃತ್ತ ಏರ್‌ಫ್ರೇಮ್ ಟೆಕ್ನೀಶಿಯನ್): ಜಾಸ್ತಿ ಪಾಲು ನಿಮ್ಮ ದಾರೀಲೇ ಹೋದವು ಅಣ್ಣಾ. ಅಮೆರಿಕ ಒಂದೇ ಸುಮಾರು 3 ಲಕ್ಷ ಮಾಡಿತ್ತು. ಅರಿಜೋನಾದ ಕಿಂಗ್‌ಮನ್ ಅನ್ನೋ ಊರಲ್ಲಿ 5,000ಕ್ಕೂ ಹೆಚ್ಚು ವಿಮಾನ ತಂದು ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಅದರಲ್ಲಿ ಹೆಚ್ಚು ಹಾರದ ಹೊಸವೂ ಇದ್ದವು. ಹೊಟ್ಟೆ ಉರಿಯುತ್ತೆ ಅಲ್ವಾ?

ನಮ್ಮಲ್ಲಿ ನಡೆದದ್ದು ಉಲ್ಟಾ. ಬ್ರಿಟಿಷರು ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬಿಟ್ಟು ಹೋಗಿದ್ದರು. ಸುಮ್ನೆ ಬಿಡಲಿಲ್ಲ, ಮತ್ತೆ ಹಾರಬಾರದು ಅಂತ ಬೇಕಂತಲೇ ಒಡೆದು ಹೋದರು. 1948ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನವರು ಸುಮಾರು 40 ವಿಮಾನ ಹಾರೋ ಮಟ್ಟಿಗೆ ರಿಪೇರಿ ಮಾಡಿದರು, ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಆ ಗುಜರಿ 1968ರವರೆಗೆ ಏರ್‌ಫೋರ್ಸಿನಲ್ಲಿ ದುಡಿಯಿತು! ಇವತ್ತು ಬ್ರಿಟನ್, ಅಮೆರಿಕದ ಮ್ಯೂಸಿಯಂಗಳಲ್ಲಿರುವ ಕೆಲವು ಲಿಬರೇಟರ್ ನಮ್ಮಿಂದಲೇ ಹೋದವು. ಒಂದು ದೆಹಲಿಯ ಪಾಲಂನಲ್ಲಿದೆ.

ಪ್ರಶ್ನೆ: ಹಾಗಾದ್ರೆ ಒಂದು ಹಳೇ ವಿಮಾನ ಸಿಕ್ಕರೆ ಶಾಲೆ ಮುಂದೆ ನಿಲ್ಲಿಸಬಹುದಲ್ಲ? ಪೇಂಟ್ ಖರ್ಚು ನಂದು.

ಉತ್ತರ: ಪೇಂಟ್ ಬಿಡಿ, ನೀರಿನ ಚಿಂತೆ ಮಾಡಿ. ವಿಮಾನದ ಹೊಟ್ಟೆ ಕೆಳಗೆ ಬೆರಳೂ ತೂರದಷ್ಟು ಸಣ್ಣ ತೂತು ಇರುತ್ತವೆ, ಒಳಗೆ ಇಳಿದ ನೀರು ಹೊರಗೆ ಹೋಗಲಿ ಅಂತ. ಕಣಜ ಸರಿಯಾಗಿ ಅಲ್ಲೇ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಒಮ್ಮೆ ಪ್ರದರ್ಶನಕ್ಕಿಟ್ಟ ವಿಮಾನದ ಅಡಿ ಮಲಗಿ ತಂತಿ ಹಾಕಿ ಚುಚ್ಚಿದೆ, ಕೊಳೆತ ನೀರು ಪಾರಿವಾಳದ ಪುಕ್ಕದ ಸಮೇತ ಎದೆ ಮೇಲೆ ಸುರಿಯಿತು. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗೋ ಕಡೆ ತೇವ ನಿಂತರೆ ಸುಣ್ಣದ ಹಾಗೆ ಬಿಳಿ ಪುಡಿ ಏಳುತ್ತದೆ, ಕೆರೆದರೆ ತಗಡೇ ಉದುರುತ್ತದೆ. ಹೊರಗೆ ಮಾತ್ರ ಪೇಂಟ್ ಫಳಫಳ. ಅಮೆರಿಕದವರು ಟಕ್ಸನ್‌ನಲ್ಲಿ ಸಾವಿರಾರು ವಿಮಾನ ಬಯಲಲ್ಲೇ ಇಟ್ಟಿದ್ದಾರೆ, ಆದರೆ ಅದು ಮರುಭೂಮಿ, ಹವೆ ಒಣ, ನೆಲ ಗಟ್ಟಿ. ಬಿದ್ರಿ ಕೆಲಸಕ್ಕೆ ಕೋಟೆ ಮಣ್ಣೇ ಬೇಕು ಅಂತಾರಲ್ಲ, ಇದಕ್ಕೂ ಜಾಗ ಕೂಡಿ ಬರಬೇಕು. ನಮ್ಮ ಮಳೆಗೆ ಮೊದಲು ಮೇಲೊಂದು ಶೆಡ್ ಹಾಕಿಸಿ, ವಿಮಾನ ಆಮೇಲೆ ಕೇಳಿ.

ಪ್ರಶ್ನೆ: ಶೆಡ್ಡಿಗೆ ತಗಡು ಅಂಗಡೀಲೇ ಬಿದ್ದಿದೆ ಸರ್!