1939ರಲ್ಲಿ ಯುದ್ಧಕ್ಕೆ ಸೇರುವ ಮೊದಲು ಕೆನಡಾ ಒಂದು ವಾರ ಕಾದದ್ದೇಕೆ?

ಪ್ರಶ್ನೆ (ಉಡುಪಿಯ ಅಧ್ಯಾಪಕಿ):

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ನಮ್ಮ ಯಾವ ಜನಪ್ರತಿನಿಧಿಯನ್ನೂ ಕೇಳದೆ ಭಾರತವು ಯುದ್ಧದಲ್ಲಿದೆಯೆಂದು ಸಾರಿದ್ದನ್ನು ಹೇಳುತ್ತಿದ್ದಾಗ, ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಕೆನಡಾ, ಆಸ್ಟ್ರೇಲಿಯಾದವರನ್ನಾದರೂ ಕೇಳಿದ್ದರಾ?" ಎಂದಳು. ಕೆನಡಾ ಸೆಪ್ಟೆಂಬರ್ 10ರಂದು ಪ್ರತ್ಯೇಕವಾಗಿ ಯುದ್ಧ ಘೋಷಿಸಿತೆಂದೆ. ಹೇಗಿದ್ದರೂ ಸೇರುವವರೇ ಆಗಿದ್ದರೆ ಆ ಒಂದು ವಾರ ಏಕೆ ಕಾದರು ಎಂದು ಅವಳು ಮತ್ತೆ ಕೇಳಿದಾಗ ನನಗೆ ತೃಪ್ತಿಯಾಗುವಂತಹ ಉತ್ತರ ಹೊಳೆಯಲಿಲ್ಲ. ಅದು ಬರಿಯ ಶಿಷ್ಟಾಚಾರವೇ, ಅಥವಾ ಬೇಡವೆನ್ನುವ ಅವಕಾಶ ನಿಜವಾಗಿಯೂ ಇತ್ತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಕೊಡಿಯಾಲಬೈಲು, ಮಂಗಳೂರು):

ಟೀಚರ್, ಆ ಒಂದು ವಾರಕ್ಕೆ ಇಪ್ಪತ್ತೈದು ವರ್ಷಗಳ ಹಿನ್ನೆಲೆಯಿದೆ. 1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿದ ಕ್ಷಣದಿಂದಲೇ ಕೆನಡಾ ಕೂಡ ಯುದ್ಧದಲ್ಲಿತ್ತು. ಎಷ್ಟು ಸೈನಿಕರನ್ನು ಕಳುಹಿಸಬೇಕೆಂಬುದಷ್ಟೇ ಒಟ್ಟಾವಾದಲ್ಲಿದ್ದ ಕೆನಡಾ ಸರ್ಕಾರದ ಕೈಯಲ್ಲಿತ್ತು. ಸುಮಾರು 60,000 ಕೆನಡಿಯನ್ನರು ಪ್ರಾಣ ಕಳೆದುಕೊಂಡರು, ಮತ್ತು 1917ರಲ್ಲಿ ಕಡ್ಡಾಯ ಸೈನ್ಯಭರ್ತಿ ತಂದಾಗ ಫ್ರೆಂಚ್ ಮಾತನಾಡುವ ಕ್ವಿಬೆಕ್ ಪ್ರಾಂತ ತಿರುಗಿಬಿತ್ತು. 1922ರಲ್ಲಿ ಚನಾಕ್ ಪ್ರದೇಶದಲ್ಲಿ ತುರ್ಕಿಯೊಡನೆ ಕಾಳಗ ನಡೆಯುವಂತಾದಾಗ ಲಂಡನ್ ಮತ್ತೆ ಸೈನ್ಯ ಕೇಳಿತು. ಆಗ ಪ್ರಧಾನಿ ಮೆಕೆಂಜಿ ಕಿಂಗ್, ಅದನ್ನು ತಮ್ಮ ಸಂಸತ್ತು ತೀರ್ಮಾನಿಸಬೇಕು ಎಂದುಬಿಟ್ಟರು. 1931ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಡೊಮಿನಿಯನ್‌ಗಳ, ಅಂದರೆ ಕೆನಡಾದಂತಹ ಸ್ವಯಮಾಡಳಿತವಿದ್ದ ಸಾಮ್ರಾಜ್ಯದ ದೇಶಗಳ, ಶಾಸನಾಧಿಕಾರವನ್ನು ಮಾನ್ಯ ಮಾಡಿತು.

1939ರ ಸೆಪ್ಟೆಂಬರ್ 7ರಂದು ವಿಶೇಷ ಅಧಿವೇಶನ ಕರೆದವರೂ ಅದೇ ಕಿಂಗ್. ಸಾಗರದಾಚೆಯ ಸೇವೆಗೆ ಕಡ್ಡಾಯ ಭರ್ತಿ ಇರುವುದಿಲ್ಲವೆಂಬ ವಾಗ್ದಾನ ಕ್ವಿಬೆಕ್‌ನ ಸಮ್ಮತಿಗೆ ಆಧಾರವಾಗಿತ್ತು. ಸಿಸಿಎಫ್ ಎಂಬ ಸಮಾಜವಾದಿ ಪಕ್ಷದ ನಾಯಕ ಜೆ. ಎಸ್. ವುಡ್ಸ್‌ವರ್ತ್ ತಮ್ಮ ಪಕ್ಷವೇ ಜೊತೆಗಿಲ್ಲದಿದ್ದರೂ ಎದ್ದು ನಿಂತು ಯುದ್ಧವನ್ನು ವಿರೋಧಿಸಿದರು. ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ. ಸೆಪ್ಟೆಂಬರ್ 5ರಂದು ಅಮೆರಿಕವು ಯುದ್ಧನಿರತ ದೇಶಗಳಿಗೆ ಶಸ್ತ್ರ ಮಾರುವುದನ್ನು ನಿಲ್ಲಿಸಿದಾಗ ಆ ಪಟ್ಟಿಯಲ್ಲಿ ಕೆನಡಾ ಇರಲಿಲ್ಲ, 10ರಂದು ಸೇರಿತು. ನೆರೆಯ ದೇಶವೇ ಆ ವಾರವನ್ನು ನಿಜವೆಂದು ನಡೆಸಿಕೊಂಡ ಮೇಲೆ ಅದನ್ನು ಶಿಷ್ಟಾಚಾರವೆನ್ನಲು ನನಗೆ ಮನಸ್ಸಾಗುವುದಿಲ್ಲ. ಇನ್ನು ಆಸ್ಟ್ರೇಲಿಯಾದ ಪ್ರಧಾನಿ ಮೆಂಜಿಸ್, ಬ್ರಿಟನ್ ಯುದ್ಧ ಸಾರಿದ್ದರಿಂದ ತಾವೂ ಯುದ್ಧದಲ್ಲಿದ್ದೇವೆಂದು ಅಂದೇ ರೇಡಿಯೋದಲ್ಲಿ ತಿಳಿಸಿದರು.

ಉತ್ತರ 2 (ಮಣಿಪಾಲ):

ಬೇಡವೆನ್ನಲು ಸಾಧ್ಯವಿತ್ತೇ ಎಂಬುದಕ್ಕೆ ಕೆನಡಾಕ್ಕಿಂತ ಸ್ಪಷ್ಟವಾದ ಉತ್ತರ ದಕ್ಷಿಣ ಆಫ್ರಿಕಾದಲ್ಲಿದೆ. ಅಲ್ಲಿನ ಪ್ರಧಾನಿ ಹರ್ಟ್‌ಜೋಗ್ ಸೆಪ್ಟೆಂಬರ್ 4ರಂದು ತಟಸ್ಥರಾಗಿರಬೇಕೆಂದು ಸಂಸತ್ತಿನಲ್ಲಿ ಮಂಡಿಸಿದರು. ಅವರದೇ ಸಂಪುಟದ ಸ್ಮಟ್ಸ್ ಎದುರು ನಿಂತರು. ಯುದ್ಧದ ಪರ 80 ಮತ, ತಟಸ್ಥತೆಯ ಪರ 67. ಯುದ್ಧದ ಪರ ನಿಂತವರಲ್ಲಿ ಏಳು ಮಂದಿ ತಟಸ್ಥತೆಯ ಕಡೆಗೆ ಹೋಗಿದ್ದರೆ ಆ ದೇಶ ಹೊರಗುಳಿಯುತ್ತಿತ್ತು. ಹರ್ಟ್‌ಜೋಗ್ ಚುನಾವಣೆ ಕೇಳಿದರು, ಗವರ್ನರ್ ಜನರಲ್ ನಿರಾಕರಿಸಿದರು, ಸ್ಮಟ್ಸ್ ಪ್ರಧಾನಿಯಾಗಿ 6ರಂದು ಯುದ್ಧ ಘೋಷಿಸಿದರು. ಆದರೆ ಒಂದು ಮಾತನ್ನು ಮಕ್ಕಳಿಗೆ ಹೇಳದೆ ಬಿಡಬೇಡಿ: ಆ ದೇಶದ ಬಹುಸಂಖ್ಯಾತ ಕಪ್ಪು ಜನರಲ್ಲಿ ಒಬ್ಬರಿಗೂ ಆ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ಐರ್ಲೆಂಡ್ ಕಾಮನ್‌ವೆಲ್ತ್‌ನೊಳಗಿದ್ದುಕೊಂಡೇ ಕೊನೆಯವರೆಗೂ ತಟಸ್ಥವಾಗಿತ್ತು. ಬ್ರಿಟಿಷ್ ನೌಕಾಪಡೆ ಬಳಸುತ್ತಿದ್ದ ಮೂರು ಬಂದರುಗಳನ್ನು ಅಲ್ಲಿನ ಪ್ರಧಾನಿ ಡಿ ವಲೇರಾ 1938ರಲ್ಲೇ ಮರಳಿ ಪಡೆದಿದ್ದರಿಂದ ಅದು ಸಾಧ್ಯವಾಯಿತು.

ಉತ್ತರ 3 (ಜೆಪ್ಪು, ಮಂಗಳೂರು):

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ನಮ್ಮ ಊರಿನ ಮಕ್ಕಳಿಗೆ ಇದು ಮನಸ್ಸಿಗೆ ಹತ್ತಬೇಕಾದರೆ ನಮ್ಮ ಊರಿನಿಂದಲೇ ಹೇಳಬೇಕು. 1865ರಲ್ಲಿ ಮಂಗಳೂರಿಗೆ ಹಂಚಿನ ಕಾರ್ಖಾನೆ ತಂದ ಬಾಸೆಲ್ ಮಿಷನ್‌ನಲ್ಲಿ ಜರ್ಮನರು ಹೆಚ್ಚಾಗಿದ್ದರು. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ಅವರ ಹಂಚು ಮತ್ತು ನೇಯ್ಗೆ ಉದ್ಯಮಗಳು ಬಳಿಕ ಕಾಮನ್‌ವೆಲ್ತ್ ಟ್ರಸ್ಟ್‌ನ ವಶಕ್ಕೆ ಹೋದವು. ಇಲ್ಲಿ ಮಣ್ಣು ತುಳಿದು ಹಂಚು ಸುಡುತ್ತಿದ್ದವನಿಗೆ ಜರ್ಮನಿಯೊಡನೆ ಯಾವ ವೈರವಿತ್ತು? ಆದರೂ ಅವನ ಧಣಿ ಒಮ್ಮೆಲೇ ಶತ್ರುವಾದ. 1919ರ ವರ್ಸೈಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿಯೂ ಸಹಿ ಬಿತ್ತು. ಸಹಿಗೆ ಬೇಕಾಗಿದ್ದ ದೇಶ ಇಪ್ಪತ್ತು ವರ್ಷಗಳ ಬಳಿಕವೂ ಅಭಿಪ್ರಾಯಕ್ಕೆ ಬೇಡವಾಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆಗ ನಮ್ಮ ದಕ್ಷಿಣ ಕನ್ನಡ ಸೇರಿದ್ದ ಮದರಾಸು ಪ್ರಾಂತದಲ್ಲಿ ರಾಜಾಜಿಯವರ ಸರ್ಕಾರ ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಟ್ಟಿತು. ಕೆನಡಾದ ಸಂಸತ್ತು ಮೊದಲೇ ಮಾತನಾಡಿತು. ನಮ್ಮವರು ತೀರ್ಮಾನವಾದ ಮೇಲೆ ಅಧಿಕಾರ ಬಿಟ್ಟು ಹೊರಬಂದು ಮಾತನಾಡಬೇಕಾಯಿತು.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞಳು. ನಾಳೆ ಹಲಗೆಯ ಮೇಲೆ 80 ಮತ್ತು 67 ಎಂದಷ್ಟೇ ಬರೆದು, ಈ ಎಣಿಕೆಯಲ್ಲಿ ಯಾರು ಸೇರಿಲ್ಲವೆಂದು ಮಕ್ಕಳನ್ನೇ ಕೇಳುತ್ತೇನೆ. ಆ ಹುಡುಗಿಯ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್ನಿನ ಸಂಗತಿಯನ್ನು ಅವಳಿಂದಲೇ ಓದಿಸುತ್ತೇನೆ.