ಬೇಡದ ಸಾಮಾನು ತೆಗೆಯುವಾಗ ಆಡುವ ಸ್ಪ್ಯಾನಿಷ್

ಪ್ರಶ್ನೆ:
ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಆ್ಯಪ್‌ನಲ್ಲಿ ಹೋಟೆಲು, ವಿಮಾನ ನಿಲ್ದಾಣದ ಮಾತೇ ಜಾಸ್ತಿ. ನನಗೆ ಬೇಕಿರುವುದು ಮನೆಯೊಳಗಿನ ಮಾತು. ಈಗ ಬೀರು ಖಾಲಿ ಮಾಡುತ್ತಿದ್ದೇನೆ. ಒಂದೊಂದು ಸಾಮಾನು ಕೈಗೆತ್ತಿಕೊಂಡಾಗಲೂ ಒಂದು ವಾಕ್ಯ ಹೇಳಬೇಕು ಅಂತ ಆಸೆ. ಏನನ್ನಬೇಕು?

ಉತ್ತರ:
ಇಟ್ಟುಕೊಳ್ಳುತ್ತೇನೆ ಅನ್ನಲು 'ಮೆ ಲೊ ಕೇದೊ'. ಎಸೆಯುತ್ತೇನೆ, 'ಲೊ ತೀರೊ'. ದಾನ ಕೊಡುತ್ತೇನೆ, 'ಲೊ ದೋನೊ'. ಈಗ ಬಳಸುತ್ತಿಲ್ಲ, 'ಯಾ ನೊ ಲೊ ಊಸೊ'. ಇಷ್ಟರಲ್ಲೇ ಅರ್ಧ ಬೀರು ಮುಗಿಯುತ್ತದೆ.

ಇನ್ನೊಂದು ಉತ್ತರ:
ಸಾಮಾನಿನ ಹೆಸರು ಸ್ತ್ರೀಲಿಂಗವಾದರೆ, 'ಅದನ್ನು' ಅನ್ನುವ 'ಲೊ' ಹೋಗಿ 'ಲಾ' ಬರುತ್ತದೆ. ಶರ್ಟು ಅಂದರೆ 'ಕಮೀಸಾ', ಸ್ತ್ರೀಲಿಂಗ. ಹಾಗಾಗಿ 'ಮೆ ಲಾ ಕೇದೊ'. ಶೂ ಜೋಡಿ 'ಸಪಾತೊಸ್', ಪುಲ್ಲಿಂಗ ಬಹುವಚನ. ಅದಕ್ಕೆ 'ಲೊಸ್ ತೀರೊ'. ಸುಮ್ನೆ ಪಟ್ಟಿ ಬಾಯಿಪಾಠ ಮಾಡಬೇಡಿ. ಶರ್ಟು ಕೈಯಲ್ಲಿ ಹಿಡಿದು, ಜೋರಾಗಿ ಹೇಳಿ, ಆಮೇಲೆ ಮಡಚಿಡಿ. ಲಿಂಗ ತಾನಾಗಿ ನಾಲಿಗೆಗೆ ಹತ್ತುತ್ತದೆ. ಅಂದಹಾಗೆ, ಲ್ಯಾಟಿನ್ ಅಮೆರಿಕದ ಹಲವು ಕಡೆ 'ತೀರೊ' ಬದಲು 'ಬೋತೊ' ಅನ್ನುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಹಳೇ ವೈರುಗಳ ಡಬ್ಬಿ ಒಂದಿದೆ. 'ಕಾಬ್ಲೆಸ್' ಅಲ್ವಾ? ಯಾವುದು ಯಾವುದರದ್ದೋ ತಿಳಿಯುತ್ತಿಲ್ಲ.

ಉತ್ತರ:
ಹೌದು, ಕಾಬ್ಲೆಸ್. ಅದಕ್ಕೆ 'ನೊ ಸೆ, ಲುವೇಗೊ ವೇಮೊಸ್' ಅನ್ನಿ. ಗೊತ್ತಿಲ್ಲ, ಆಮೇಲೆ ನೋಡೋಣ.